ಮುಖದ ಮೇಲಿನ ಬೇಡದ ಕೂದಲಿಗೆ ಯಾವ ದಾರಿ? ಹಾಸನ, ಚಿಕ್ಕಮಗಳೂರು ಕಡೆಯವರ ಅನುಭವ ಬೇಕಾಗಿದೆ

ಆಲೂರು ಕಡೆಯವಳು:
ನನಗೆ ಇಪ್ಪತ್ತಾರು ವರ್ಷ. ಹಾಸನದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಪಿಯುಸಿ ಓದುವಾಗ ಮೇಲ್ತುಟಿಯ ಮೇಲಷ್ಟೇ ಕಾಣುತ್ತಿದ್ದ ಕೂದಲು ಈಚಿನ ವರ್ಷಗಳಲ್ಲಿ ಗದ್ದಕ್ಕೂ ದವಡೆಯ ಅಂಚಿಗೂ ಹಬ್ಬಿದೆ. ಗದ್ದದ ಮೇಲಿನವು ಕಪ್ಪಾಗಿ ಒರಟಾಗಿವೆ, ಕೆನ್ನೆಯ ಮೇಲಿನವು ಬರೀ ನವಿರು. ತಿಂಗಳಿಗೆ ಎರಡು ಸಲವಾದರೂ ಪಾರ್ಲರಿಗೆ ಹೋಗಿ ಥ್ರೆಡ್ಡಿಂಗ್ ಮಾಡಿಸುತ್ತೇನೆ. ಆದರೆ ಕಿತ್ತ ಜಾಗದಲ್ಲಿ ಸಣ್ಣ ಗುಳ್ಳೆಗಳೆದ್ದು, ಅವು ಒಣಗಿದ ಮೇಲೆ ಕಪ್ಪು ಕಲೆಗಳು ಉಳಿಯುತ್ತಿವೆ. ಈಗ ಆ ಪಾರ್ಲರಿನವರೇ ಇಡೀ ಮುಖಕ್ಕೆ ಲೇಸರ್ ಮಾಡಿಸಿಕೊಳ್ಳಿ, ಮುಂಗಡವಾಗಿ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮನೆಯಲ್ಲಿ ಗಂಡು ನೋಡುವ ಮಾತು ನಡೆದಿರುವುದರಿಂದ ಅಮ್ಮನಿಗೆ ಅವಸರ, ಅಜ್ಜಿಗೆ ಕಸ್ತೂರಿ ಅರಿಶಿನದ ಮೇಲೆ ನಂಬಿಕೆ. ನನಗೆ ಮಾತ್ರ ಯಾವುದನ್ನು ಮೊದಲು ಮಾಡಬೇಕೆಂದೇ ತಿಳಿಯುತ್ತಿಲ್ಲ.

ನಿವೃತ್ತ ಶುಶ್ರೂಷಕಿ, ಮೂಡಿಗೆರೆ:
ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನೀವೇ ಬರೆದಿರುವ ಒಂದು ವಾಕ್ಯದಲ್ಲಿದೆ: ಗದ್ದದ ಮೇಲಿನವು ಒರಟು, ಕೆನ್ನೆಯ ಮೇಲಿನವು ನವಿರು. ನವಿರು ರೋಮ ಎಲ್ಲ ಹೆಣ್ಣುಮಕ್ಕಳ ಮುಖದ ಮೇಲೂ ಇರುತ್ತದೆ ಮತ್ತು ಅದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ. ಗದ್ದ, ಮೇಲ್ತುಟಿ, ದವಡೆ, ಎದೆಯ ನಡುಭಾಗ, ಹೊಕ್ಕುಳ ಕೆಳಗಿನ ಗೆರೆ, ಹೀಗೆ ಗಂಡಸರಲ್ಲಿ ಕೂದಲು ಬರುವ ಜಾಗಗಳಲ್ಲಿ ಹೆಣ್ಣಿಗೆ ದಪ್ಪ ಕರಿಗೂದಲು ಬಂದರೆ ಮಾತ್ರ ವೈದ್ಯರು ಅದನ್ನು ಹರ್ಸುಟಿಸಮ್ ಎಂದು ಕರೆಯುತ್ತಾರೆ. ಅಳೆಯುವುದಕ್ಕೆ 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ರೂಪಿಸಿದ, ಆಮೇಲೆ ಪರಿಷ್ಕೃತವಾದ ಒಂದು ಪಟ್ಟಿ ಇದೆ. ದೇಹದ ಒಂಬತ್ತು ಜಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಕೂಡುತ್ತಾರೆ. ಹಿಂದಿನ ದಿನವೇ ಥ್ರೆಡ್ಡಿಂಗ್ ಮಾಡಿಸಿಕೊಂಡು ಹೋದರೆ ಆ ಅಂಕವೇ ಸುಳ್ಳಾಗುತ್ತದೆ. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಸಂಕೋಚ ಬಿಟ್ಟು ಕೂದಲು ಇದ್ದ ಹಾಗೆಯೇ ಹೋಗಿ, ಇಲ್ಲವೇ ಎಷ್ಟು ದಿನಕ್ಕೊಮ್ಮೆ ಕೀಳಿಸುತ್ತೀರೆಂದು ಹೇಳಿ.

ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ. ಅಂಡಾಶಯಗಳು ಆಂಡ್ರೋಜನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸಿ, ಅದು ಕೂದಲಿನ ಬುಡದಲ್ಲಿ ಇನ್ನಷ್ಟು ಪ್ರಬಲ ಹಾರ್ಮೋನಾದ ಡಿಎಚ್‌ಟಿ ಆಗಿ ಬದಲಾಗಿ, ನವಿರು ರೋಮವನ್ನು ಕರಿಗೂದಲಾಗಿ ಮಾರ್ಪಡಿಸುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಮೊಡವೆ, ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗುವುದು, ಇವು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. ಮುಟ್ಟೂ ಸರಿಯಾಗಿದ್ದು ಹಾರ್ಮೋನುಗಳೂ ಸರಿಯಾಗಿದ್ದು ಕೂದಲು ಮಾತ್ರ ಬರುವವರೂ ಇದ್ದಾರೆ. ಅಂಥವರಲ್ಲಿ ಇದು ಹೆಚ್ಚಾಗಿ ವಂಶದಿಂದ ಬಂದಿರುತ್ತದೆ. ನಿಮ್ಮ ಹಾಗೆ ವರ್ಷಗಳಲ್ಲಿ ನಿಧಾನವಾಗಿ ಬಂದದ್ದಕ್ಕೆ ಹೆದರಬೇಕಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಕೂದಲು ಹಠಾತ್ತನೆ ಹೆಚ್ಚಿ, ಧ್ವನಿ ಒಡೆದು, ನೆತ್ತಿಯ ಕೂದಲು ಗಂಡಸರ ರೀತಿಯಲ್ಲಿ ಉದುರತೊಡಗಿದರೆ ಅಂಡಾಶಯದಲ್ಲಿ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ಕೂಡಲೇ ನೋಡಿಸಬೇಕು. ಅದು ಅಪರೂಪ, ಆದರೂ ಅಂಥ ಸಂದರ್ಭದಲ್ಲಿ ಪಾರ್ಲರಿನ ಬಾಗಿಲಿಗೆ ಹೋಗಿ ಕಾಲಹರಣ ಮಾಡಬಾರದು.

ಇನ್ನೊಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ: ಮುಖ ಬೆಳ್ಳಗಾಗಲೆಂದು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಕ್ರೀಮ್ ತಂದು ಹಚ್ಚುತ್ತಿದ್ದೀರಾ? ಅಂಥ ಹಲವು ಕ್ರೀಮುಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಮುಂತಾದ ಸ್ಟೀರಾಯ್ಡ್‌ಗಳಿರುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿಕೊಂಡು, ಮೊಡವೆಯೆದ್ದು, ಮುಖದ ತುಂಬ ಕೂದಲೂ ಬೆಳೆಯುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ತಲೆಕೂದಲಿಗೆ ಹಚ್ಚುವ ಮಿನಾಕ್ಸಿಡಿಲ್ ಕೂಡ ಮುಖದ ಮೇಲೆ ಕೂದಲು ತರಬಲ್ಲವು. ಮೂರ್ಛೆರೋಗದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಬೇಲೂರು ಸೊಸೆ:
ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಎಂದು ಹೇಳಲು ಬಂದೆ. ನಮ್ಮ ಮನೆಯಲ್ಲಿ ಮಗುವಿಗೆ ಎಣ್ಣೆನೀರು ಹಾಕುವಾಗ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದರು, ಹಣೆಯ ಮೇಲಿನ ಕೂದಲು ಕೆಲವೇ ವಾರಗಳಲ್ಲಿ ಹೋಯಿತು. ಕಸ್ತೂರಿ ಅರಿಶಿನ, ಕೆನೆ, ಕಡಲೆಹಿಟ್ಟು ಕಲಸಿ ದಿನವೂ ಹಚ್ಚಿದರೆ ದೊಡ್ಡವರಿಗೂ ಆಗಬೇಕಲ್ಲವೇ?

ನಿವೃತ್ತ ಶುಶ್ರೂಷಕಿ, ಮೂಡಿಗೆರೆ:
ಎಳೆಮಗುವಿನ ಮೈಮೇಲಿನ ಕೂದಲು ಯಾರು ಉಜ್ಜಲಿ ಬಿಡಲಿ, ಕೆಲವು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ. ಹೆಸರು ಮಾತ್ರ ಕಡಲೆಹಿಟ್ಟಿಗೆ ಬಂತು. ಒಣಗಿದ ಹಿಟ್ಟನ್ನು ತಿಕ್ಕಿ ತೆಗೆಯುವಾಗ ಸಡಿಲವಾದ ಕೆಲವು ನವಿರು ರೋಮಗಳು ಕಿತ್ತು ಬರಬಹುದು. ಗದ್ದದ ಮೇಲಿನ ಒರಟು ಕೂದಲಿನ ಬುಡ ಚರ್ಮದ ಒಳಗೆ ಆಳದಲ್ಲಿರುತ್ತದೆ, ಅಲ್ಲಿಗೆ ಹಿಟ್ಟು ತಲುಪುವುದಿಲ್ಲ. ಅರಿಶಿನ ಹಚ್ಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಥ್ರೆಡ್ಡಿಂಗ್ ಮಾಡಿಸಿದ ಜಾಗವನ್ನು ಜೋರಾಗಿ ಉಜ್ಜಿದರೆ ಆಲೂರಿನವರು ಬರೆದಿರುವ ಕಪ್ಪು ಕಲೆ ಇನ್ನೂ ಗಾಢವಾಗುತ್ತದೆ. ನಮ್ಮಂಥ ಗೋಧಿಬಣ್ಣದ, ಎಣ್ಣೆಗಪ್ಪಿನ ಚರ್ಮದ ಸ್ವಭಾವವೇ ಅದು. ಎಲ್ಲಿ ಉರಿಯೂತವಾಯಿತೋ ಅಲ್ಲಿ ಬಣ್ಣ ನಿಲ್ಲುತ್ತದೆ.

ಹೇಮಾವತಿ ದಡ:
ಯಾರೂ ಹೇಳದ ಸುಲಭದ ದಾರಿಯನ್ನು ನಾನು ಹೇಳುತ್ತೇನೆ: ಶೇವಿಂಗ್. ಹೆಂಗಸರು ಮುಖಕ್ಕೆಂದೇ ಬಳಸುವ ಸಣ್ಣ ರೇಜರುಗಳು ಹಾಸನದ ಯಾವ ಫ್ಯಾನ್ಸಿ ಸ್ಟೋರಿನಲ್ಲಾದರೂ ಸಿಗುತ್ತವೆ. ಬೋಳಿಸಿದರೆ ಕೂದಲು ದಪ್ಪಗಾಗುತ್ತದೆ ಎಂದು ನನ್ನ ತಾಯಿಯಿಂದ ಹಿಡಿದು ಪಾರ್ಲರಿನವರ ತನಕ ಎಲ್ಲರೂ ಹೆದರಿಸಿದ್ದರು. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಗಡ್ಡದ ಕೂದಲನ್ನು ಅಳೆದು ನೋಡಿ, ಬೋಳಿಸುವುದರಿಂದ ಅದರ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ತೋರಿಸಿದ್ದರು. ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ, ಕತ್ತರಿಸಿದಾಗ ಮೊಂಡಾಗುತ್ತದೆ. ಕೈಗೆ ಮುಳ್ಳಿನಂತೆ ತಾಗುವುದು ಆ ಮೊಂಡು ತುದಿ. ನಾನು ಮುಖ ತೊಳೆದು, ಸ್ವಲ್ಪ ಅಲೋವೆರಾ ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಬ್ಲೇಡು ಎಳೆಯುತ್ತೇನೆ. ಕೀಳುವುದಿಲ್ಲವಾದ್ದರಿಂದ ನನಗೆ ಗುಳ್ಳೆಗಳು ಕಡಿಮೆಯಾದವು. ಎರಡು ಮೂರು ದಿನಕ್ಕೊಮ್ಮೆ ಮಾಡಬೇಕಾಗುತ್ತದೆ ಎಂಬುದೊಂದೇ ಬೇಸರ.

ಯಗಚಿ ತೀರ:
ಥ್ರೆಡ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಎಷ್ಟೋ ಕಡೆ ದಾರದ ಒಂದು ತುದಿಯನ್ನು ಬ್ಯೂಟಿಷಿಯನ್ ತಮ್ಮ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತಾರೆ, ಅದೇ ದಾರದ ಉಳಿದ ಭಾಗ ನಮ್ಮ ಕಿತ್ತ ಚರ್ಮದ ಮೇಲೆ ಆಡುತ್ತದೆ. ಚಪ್ಪಟೆ ನರುಲಿಗಳು ಇದರಿಂದ ಸಾಲಾಗಿ ಹರಡಿದ್ದನ್ನು ಚರ್ಮವೈದ್ಯರು ದಾಖಲಿಸಿದ್ದಾರೆ. ದಾರವನ್ನು ಕುತ್ತಿಗೆಗೆ ಸುತ್ತಿಕೊಂಡು ಮಾಡುವವರೂ ಇದ್ದಾರೆ, ಹಾಗೆ ಮಾಡಿ ಎಂದು ಕೇಳಲು ನಾಚಿಕೆ ಬೇಡ. ಮೊಡವೆಗೆಂದು ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಕ್ರೀಮ್ ಹಚ್ಚುತ್ತಿರುವವರು, ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಲೇಬಾರದು. ಅವರ ಚರ್ಮದ ಮೇಲ್ಪದರ ಮೇಣದ ಜೊತೆಯಲ್ಲೇ ಸುಲಿದು ಬರುತ್ತದೆ.

ಕೂದಲು ಕರಗಿಸುವ ಕ್ರೀಮುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅವುಗಳಲ್ಲಿರುವ ಥಯೋಗ್ಲೈಕೊಲೇಟ್ ಲವಣ ಕೂದಲಿನ ಕೆರಾಟಿನ್ ಪ್ರೋಟೀನನ್ನು ಒಡೆಯುತ್ತದೆ, ಚರ್ಮವೂ ಅದೇ ಜಾತಿಯ ಪ್ರೋಟೀನಿನಿಂದಾದದ್ದೆಂಬುದು ಅದಕ್ಕೆ ಗೊತ್ತಿಲ್ಲ. ಕಾಲಿಗೆ ಮಾಡಿದ ಕ್ರೀಮನ್ನು ಮುಖಕ್ಕೆ ಹಚ್ಚಬೇಡಿ, ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಕಾಫಿ ಕಣ:
ಲೇಸರ್ ಮಾಡಿಸಿಕೊಂಡವಳಾಗಿ ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನ ಹತ್ತಿರ ನಮ್ಮದು ಸಣ್ಣ ತೋಟ. ಪಿಸಿಓಎಸ್ ಇದೆ, ಗದ್ದದ ಕೆಳಗೆ ದಟ್ಟವಾದ ಕರಿಗೂದಲು ಇತ್ತು. ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಶಾಖವಾಗಿ, ಬುಡವನ್ನು ಸುಡುತ್ತದೆ. ಬಿಳಿಯರಲ್ಲಿ ಕಪ್ಪು ಇರುವುದು ಹೆಚ್ಚಾಗಿ ಕೂದಲಿನಲ್ಲಿ; ನಮ್ಮಲ್ಲಿ ಚರ್ಮದಲ್ಲೂ ಅದೇ ಕಪ್ಪು ಬಣ್ಣ, ಅಂದರೆ ಮೆಲನಿನ್, ತುಂಬಿರುವುದರಿಂದ ಯಂತ್ರದ ಆಯ್ಕೆ ತಪ್ಪಿದರೆ ಚರ್ಮವೇ ಸುಡುತ್ತದೆ. ಅಲೆಕ್ಸಾಂಡ್ರೈಟ್ ಲೇಸರಿನ ತರಂಗಾಂತರ 755 ನ್ಯಾನೊಮೀಟರ್, ಡಯೋಡಿನದು ಸುಮಾರು 810, ಎನ್‌ಡಿ-ಯಾಗ್‌ನದು 1064. ತರಂಗಾಂತರ ಉದ್ದವಾದಷ್ಟೂ ಮೇಲ್ಚರ್ಮದ ಬಣ್ಣ ಅದನ್ನು ಕಡಿಮೆ ಹೀರಿಕೊಳ್ಳುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ, ಗೋಧಿಬಣ್ಣಕ್ಕೆ ಡಯೋಡನ್ನೂ ಜಾಗ್ರತೆಯಿಂದ ಬಳಸುತ್ತಾರೆ. ನಿಮ್ಮ ಪಾರ್ಲರಿನಲ್ಲಿ ಯಂತ್ರ ಯಾವುದೆಂದು ಕೇಳಿ. “ಜರ್ಮನ್ ಮೆಷೀನು” ಎಂದಷ್ಟೇ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಆನ್‌ಲೈನಿನಲ್ಲಿ ಮಾರುವ ಮನೆಬಳಕೆಯ, ಬೆಳಕು ಮಿಂಚಿಸಿ ಕೂದಲು ತೆಗೆಯುವ ಐಪಿಎಲ್ ಯಂತ್ರಗಳ ಪೆಟ್ಟಿಗೆಯ ಮೇಲೆ ಚರ್ಮದ ಬಣ್ಣಗಳ ಪಟ್ಟಿ ಇರುತ್ತದೆ. ಅದರಲ್ಲಿ ನಮ್ಮ ಎಷ್ಟೋ ಜನರ ಬಣ್ಣ ನಿಷಿದ್ಧದ ಸಾಲಿನಲ್ಲಿರುತ್ತದೆ, ಯಾರೂ ಓದುವುದಿಲ್ಲ.

ಒಂದೇ ಸಲಕ್ಕೆ ಮುಗಿಯುವುದಿಲ್ಲ. ಲೇಸರ್ ಬೆಳವಣಿಗೆಯ ಹಂತದಲ್ಲಿರುವ ಕೂದಲನ್ನು ಮಾತ್ರ ಚೆನ್ನಾಗಿ ನಾಶಮಾಡುತ್ತದೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಆದ್ದರಿಂದ ಮುಖಕ್ಕೆ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಆರೆಂಟು ಸಲವಾದರೂ ಮಾಡುತ್ತಾರೆ, ಪಿಸಿಓಎಸ್ ಇದ್ದರೆ ಆಮೇಲೂ ಆಗಾಗ ಹೋಗುತ್ತಿರಬೇಕು. ಶುರುಮಾಡುವುದಕ್ಕೆ ಸುಮಾರು ಒಂದು ತಿಂಗಳು ಮುಂಚಿನಿಂದ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ನಿಲ್ಲಿಸಬೇಕು, ಏಕೆಂದರೆ ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕು ಹಿಡಿಯುವುದು ಯಾವುದನ್ನು? ಆ ತಿಂಗಳು ಶೇವ್ ಮಾಡಬಹುದು. ಬಿಸಿಲಿನ ವಿಚಾರ ನಮ್ಮವರಿಗೆ ಮುಖ್ಯ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನವಿಡೀ ಕಣದ ಬಿಸಿಲಿನಲ್ಲಿ ಹಣ್ಣು ಹರವುತ್ತಾ ನಿಂತು ಮುಖ ಕಪ್ಪಾದ ಮೇಲೆ ಲೇಸರ್ ಮಾಡಿಸಿದರೆ ಸುಡುವ ಅಪಾಯ ಹೆಚ್ಚು. ನಾನು ಮಳೆಗಾಲಕ್ಕೆ ಕಾದು ಜೂನ್‌ನಲ್ಲಿ ಆರಂಭಿಸಿದೆ; ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಲು ವೈದ್ಯರು ಹೇಳಿದ್ದರು. ಈಗ ಗದ್ದದ ಕೆಳಗೆ ಉಳಿದಿರುವುದು ಅಲ್ಲೊಂದು ಇಲ್ಲೊಂದು ತೆಳು ಕೂದಲು. ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ನನ್ನ ವೈದ್ಯರು ಹೇಳಿಯೂ ಇರಲಿಲ್ಲ.

ಆಲೂರು ಕಡೆಯವಳು:
ಹಾಗಾದರೆ ಪಾರ್ಲರಿನವರು ಹೇಳುವ ಹಾಗೆ ಕೆನ್ನೆಯ ನವಿರನ್ನೂ ಸೇರಿಸಿ ಇಡೀ ಮುಖಕ್ಕೆ ಒಂದೇ ಸಲ ಮಾಡಿಸಿಕೊಳ್ಳುವುದು ಲಾಭವಲ್ಲವೇ?

ನಿವೃತ್ತ ಶುಶ್ರೂಷಕಿ, ಮೂಡಿಗೆರೆ:
ಖಂಡಿತ ಬೇಡ. ಈ ಇಡೀ ಚರ್ಚೆಯಲ್ಲಿ ನೀವು ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನವಿರು ರೋಮದಲ್ಲಿ ಬಣ್ಣವೇ ಸಾಲದಷ್ಟಿರುವುದರಿಂದ ಲೇಸರಿನ ಶಾಖ ಅದರ ಬುಡವನ್ನು ಕೊಲ್ಲುವಷ್ಟು ಏರುವುದಿಲ್ಲ, ಬದಲಾಗಿ ಅರೆಶಾಖದಿಂದ ಅದು ಕೆರಳಿ ದಪ್ಪ ಕೂದಲಾಗಿ ಬೆಳೆಯುವುದುಂಟು. ಕೂದಲು ತೆಗೆಸಲು ಹೋಗಿ ಕೂದಲು ಬೆಳೆಸಿಕೊಳ್ಳುವ ಈ ವಿಪರ್ಯಾಸ ಹೆಚ್ಚಾಗಿ ಮುಖ ಮತ್ತು ಕತ್ತಿನಲ್ಲೇ ಆಗುತ್ತದೆ. ಕಪ್ಪು ಛಾಯೆಯ ಚರ್ಮದವರಲ್ಲಿ, ಹಾರ್ಮೋನಿನ ತೊಂದರೆ ಇರುವವರಲ್ಲಿ ಹೆಚ್ಚು ಕಾಣುತ್ತದೆ. ದಪ್ಪ ಕೂದಲಿರುವ ಗದ್ದಕ್ಕೆ ಚಿಕಿತ್ಸೆ ಕೊಟ್ಟಾಗ ಅಂಚಿನ ನವಿರಿನಲ್ಲೂ ಹೀಗಾಗಬಹುದೆಂದು ಅನುಭವಿ ವೈದ್ಯರು ಮೊದಲೇ ತಿಳಿಸುತ್ತಾರೆ. ಕೆನ್ನೆಯನ್ನು ಅದರ ಪಾಡಿಗೆ ಬಿಟ್ಟುಬಿಡಿ. ಅಷ್ಟೂ ಬೇಸರವಾದರೆ ಅಪರೂಪಕ್ಕೊಮ್ಮೆ ರೇಜರ್ ಸಾಕು. ಮುಂಗಡವಾಗಿ ಪೂರ್ತಿ ಹಣವನ್ನಂತೂ ಯಾರಿಗೂ ಕಟ್ಟಬೇಡಿ. ಎರಡನೆಯ ಸಲಕ್ಕೇ ಚರ್ಮ ಒಪ್ಪದಿದ್ದರೆ ಉಳಿದ ಹಣ ವಾಪಸು ಬರುವುದು ಕಷ್ಟ.

ಅರಸೀಕೆರೆ ಮೇಡಂ:
ಐವತ್ತು ದಾಟಿದವರ ಪರವಾಗಿ ಒಂದು ಮಾತು. ಮುಟ್ಟು ನಿಂತ ಮೇಲೆ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಇಳಿದು, ಇದ್ದ ಆಂಡ್ರೋಜನ್ನಿನ ಕೈ ಮೇಲಾಗಿ, ಗದ್ದದ ಮೇಲೆ ಒಂದೊಂದೇ ಒರಟು ಕೂದಲು ಹುಟ್ಟುತ್ತದೆ, ಅದೂ ನನ್ನಲ್ಲಿ ಅರ್ಧ ಬಿಳಿ. ಬಿಳಿ ಕೂದಲಿನಲ್ಲಿ ಬಣ್ಣವಿಲ್ಲದ ಕಾರಣ ಲೇಸರಿನಿಂದ ಏನೂ ಪ್ರಯೋಜನವಿಲ್ಲವೆಂದು ವೈದ್ಯರು ನೇರವಾಗಿಯೇ ಹೇಳಿ ಕಳಿಸಿದರು. ಹಣ ಉಳಿಸಿದರೆಂದು ನಾನು ಅವರಿಗೆ ಋಣಿ. ಬಿಳಿಯದಕ್ಕೆ ಉಳಿಯುವ ದಾರಿ ಎಲೆಕ್ಟ್ರಾಲಿಸಿಸ್. ಪ್ರತಿಯೊಂದು ಕೂದಲಿನ ಬುಡಕ್ಕೂ ಕೂದಲೆಳೆಯಷ್ಟು ತೆಳುವಾದ ಸೂಜಿ ಇಳಿಸಿ ವಿದ್ಯುತ್ ಹಾಯಿಸುತ್ತಾರೆ. 1875ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಇದನ್ನು ಬಳಸಿದ್ದನ್ನು ವರದಿ ಮಾಡಿದರು, ಅಲ್ಲಿಂದ ಮುಖಕ್ಕೆ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಶಾಶ್ವತವಾಗಿ ಕೂದಲು ತೆಗೆಯುವ ವಿಧಾನವೆಂದು ಒಪ್ಪಿರುವುದು ಇದನ್ನೇ. ಲೇಸರಿಗೆ ಅದು ಕೊಟ್ಟಿರುವುದು ಕೂದಲಿನ ಸಂಖ್ಯೆ ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂಬಷ್ಟೇ ಮಾನ್ಯತೆ. ಒಂದೊಂದೇ ಕೂದಲನ್ನು ಹಿಡಿಯಬೇಕಾದ್ದರಿಂದ ಬಹಳ ಸಮಯ ಹಿಡಿಯುತ್ತದೆ, ನೋವೂ ಇದೆ, ಕೈಚಳಕವಿಲ್ಲದವರು ಮಾಡಿದರೆ ಕಲೆ ಖಚಿತ. ಹತ್ತಿಪ್ಪತ್ತು ಕೂದಲಿರುವ ನನ್ನಂಥವಳಿಗೆ ಸರಿ, ದಟ್ಟವಾಗಿರುವವರಿಗೆ ದಣಿವು.

ಹೆಸರು ಬೇಡ, ಹಾಸನ:
ನಾನು ಟ್ರಾನ್ಸ್ ಮಹಿಳೆ. ಇಂಥ ಚರ್ಚೆಗಳಲ್ಲಿ ನಮ್ಮ ಪ್ರಸ್ತಾಪ ಬರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈಸ್ಟ್ರೋಜನ್ ಶುರುಮಾಡಿದರೆ ಗಡ್ಡ ತಾನಾಗಿಯೇ ಹೋಗುತ್ತದೆಂದು ನಮ್ಮಲ್ಲಿ ಅನೇಕರು ನಂಬಿ ಕಾಯುತ್ತಾರೆ. ಮೈಮೇಲಿನ ಕೂದಲು ತೆಳುವಾಗುತ್ತದೆ ನಿಜ, ಆದರೆ ಒಮ್ಮೆ ಬೇರೂರಿದ ಗಡ್ಡದ ಬುಡಗಳು ಹಾರ್ಮೋನಿಗೆ ಮಣಿಯುವುದಿಲ್ಲ. ಕಪ್ಪು ಗಡ್ಡಕ್ಕೆ ಲೇಸರ್, ಕೊನೆಗೆ ಉಳಿದ ಬಿಳಿ ಎಳೆಗಳಿಗೆ ಎಲೆಕ್ಟ್ರಾಲಿಸಿಸ್ ಎಂಬ ಕ್ರಮ ನನಗೆ ಹೊಂದಿತು. ವೈದ್ಯರ ಕೊಠಡಿಯಲ್ಲಿ ನನ್ನನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ ಎಂಬುದನ್ನೂ ಸೇರಿಸುತ್ತೇನೆ, ಹಿಂಜರಿಯುತ್ತಿರುವವರಿಗೆ ಉಪಯೋಗವಾಗಬಹುದು.

ಯಗಚಿ ತೀರ:
ಔಷಧಗಳ ಬಗ್ಗೆ ಯಾರಾದರೂ ಬರೆಯುತ್ತೀರಾ? ನನ್ನ ತಂಗಿಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ, ಮದುವೆಯಾಗದ ಹುಡುಗಿಗೆ ಅದನ್ನು ಕೊಟ್ಟರೆಂದು ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಿದೆ.

ನಿವೃತ್ತ ಶುಶ್ರೂಷಕಿ, ಮೂಡಿಗೆರೆ:
ಆ ಮಾತ್ರೆಯನ್ನು ಇಲ್ಲಿ ಕೊಡುವುದು ಗರ್ಭ ತಡೆಯುವುದಕ್ಕಲ್ಲ. ಅದು ಅಂಡಾಶಯದ ಆಂಡ್ರೋಜನ್ ತಯಾರಿಕೆಯನ್ನು ತಗ್ಗಿಸುತ್ತದೆ, ರಕ್ತದಲ್ಲಿ ಆಂಡ್ರೋಜನ್ನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ, ಮುಟ್ಟನ್ನೂ ಕ್ರಮಕ್ಕೆ ತರುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕಣ್ಣು ಮಂಜಾಗುವ ಮೈಗ್ರೇನ್ ಇದ್ದವರಿಗೆ ಅದು ಆಗದು, ಆದ್ದರಿಂದ ಗೆಳತಿಯ ಚೀಟಿ ನೋಡಿ ತೆಗೆದುಕೊಳ್ಳಬಾರದು. ಆರು ತಿಂಗಳಲ್ಲಿ ಸಾಲದಿದ್ದರೆ ಆಂಡ್ರೋಜನ್ನಿನ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುವುದುಂಟು. ಆ ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಂತರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. ಮದುವೆ ಗೊತ್ತಾಗಿರುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಮೆಟ್‌ಫಾರ್ಮಿನ್ ಸಕ್ಕರೆಗೂ ಮುಟ್ಟಿಗೂ ಸಹಾಯಕ, ಕೂದಲಿಗೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ತೂಕ ಇಳಿಸುವುದರ ಕಥೆಯೂ ಬಹುಮಟ್ಟಿಗೆ ಅಷ್ಟೇ: ಮುಟ್ಟು ಸುಧಾರಿಸುತ್ತದೆ, ಆದರೆ ಆಗಲೇ ಬಂದಿರುವ ಕರಿಗೂದಲು ಅದೊಂದರಿಂದಲೇ ಉದುರುವುದಿಲ್ಲ. ಹಚ್ಚುವ ಔಷಧವೆಂದರೆ ಎಫ್ಲೋರ್ನಿಥಿನ್ ಕ್ರೀಮ್. ಆಫ್ರಿಕಾದ ನಿದ್ರಾರೋಗಕ್ಕೆ ಬಳಸುತ್ತಿದ್ದ ಈ ಔಷಧವನ್ನು ಮುಖದ ಕೂದಲಿಗೆ ಹಚ್ಚಲು ಎಫ್‌ಡಿಎ 2000ದಲ್ಲಿ ಅನುಮತಿಸಿತು. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳೆಯುವ ವೇಗವನ್ನು ತಗ್ಗಿಸುತ್ತದೆ. ಪರಿಣಾಮ ಕಾಣಲು ಎಂಟು ವಾರ ಹಿಡಿಯಬಹುದು, ನಿಲ್ಲಿಸಿದ ಮೇಲೆ ಎಂಟು ವಾರಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಲೇಸರಿನ ಜೊತೆಯಲ್ಲಿ ಬಳಸಿದಾಗ ಅದರ ಉಪಯೋಗ ಹೆಚ್ಚು.

ಮಾತ್ರೆ ಹೊಸ ಕೂದಲನ್ನು ತಡೆಯುತ್ತದೆ, ಲೇಸರ್ ಹಳೆಯದನ್ನು ತೆಗೆಯುತ್ತದೆ. ಒಳಗಿನ ಹಾರ್ಮೋನನ್ನು ಹಾಗೆಯೇ ಬಿಟ್ಟು ಬರೀ ಲೇಸರಿಗೆ ಹಣ ಸುರಿಯುವುದು ನಲ್ಲಿ ತಿರುಗಿಸದೆ ನೆಲ ಒರೆಸಿದಂತೆ.

ತರೀಕೆರೆ ರಸ್ತೆ:
ಎಲ್ಲರೂ ತೆಗೆಯುವ ಬಗೆಯನ್ನೇ ಹೇಳುತ್ತಿದ್ದೀರಿ. ತೆಗೆಯದೇ ಇರುವುದೂ ಒಂದು ಆಯ್ಕೆಯೆಂದು ಯಾರಾದರೂ ಈ ಹುಡುಗಿಗೆ ಹೇಳಬಾರದೇ? ಗಂಡು ನೋಡಲು ಬರುವವರಿಗಾಗಿ ಮುಖ ಸುಡಿಸಿಕೊಳ್ಳುವ ಅವಸರವೇಕೆ?

ಹೇಮಾವತಿ ದಡ:
ಹೇಳಬಹುದು, ಆದರೆ ಬಸ್ಸಿನಲ್ಲಿ ಎದುರು ಕುಳಿತವರ ಕಣ್ಣು ಗದ್ದದ ಮೇಲೆ ನಿಲ್ಲುವುದನ್ನು ದಿನವೂ ಅನುಭವಿಸುವವಳು ಅವಳು. ಇದರಿಂದ ಖಿನ್ನತೆಗೆ ಜಾರಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆಯ್ಕೆ ಅವಳದೇ ಆಗಿರಲಿ. ಅವಸರದ ಬಗ್ಗೆ ಮಾತ್ರ ನಿಮ್ಮ ಮಾತನ್ನು ಒಪ್ಪುತ್ತೇನೆ: ಮದುವೆಗೆ ಒಂದು ತಿಂಗಳು ಇರುವಾಗ ಲೇಸರ್ ಶುರುಮಾಡಿದರೆ ಸಿಗುವುದು ಕಲೆಯೇ ಹೊರತು ಕಳೆಯಲ್ಲ.

ಆಲೂರು ಕಡೆಯವಳು:
ಎಲ್ಲರಿಗೂ ವಂದನೆಗಳು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆಂಬುದನ್ನು ನಾನು ಇದರ ಜೊತೆಗೆ ಸೇರಿಸಿ ಯೋಚಿಸಿಯೇ ಇರಲಿಲ್ಲ. ಪಾರ್ಲರಿನವರಿಗೆ ಬೇಡವೆಂದು ತಿಳಿಸಿದ್ದೇನೆ, ಥ್ರೆಡ್ಡಿಂಗ್ ನಿಲ್ಲಿಸಿ ರೇಜರ್ ತಂದಿದ್ದೇನೆ. ಮುಂದಿನ ವಾರ ಹಾಸನದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುತ್ತೇನೆ. ಅಲ್ಲಿಂದ ಸ್ತ್ರೀರೋಗ ವಿಭಾಗಕ್ಕೂ ಕಳಿಸಬಹುದು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ, ಯಾವ ದಿನ ಒಳ್ಳೆಯದು?

ನಿವೃತ್ತ ಶುಶ್ರೂಷಕಿ, ಮೂಡಿಗೆರೆ:
ಪರೀಕ್ಷೆಗಳನ್ನು ಅವರೇ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಟೆಸ್ಟೋಸ್ಟಿರೋನ್, 17-ಹೈಡ್ರಾಕ್ಸಿ ಪ್ರೊಜೆಸ್ಟಿರೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಜೊತೆಗೆ ಸಕ್ಕರೆ. ಸಕ್ಕರೆಯೂ ಇರುವುದರಿಂದ ಖಾಲಿ ಹೊಟ್ಟೆಯಲ್ಲೇ ಹೋಗಿ. ಹಾರ್ಮೋನುಗಳಿಗೆ ಬೆಳಿಗ್ಗೆ ಬೇಗ ರಕ್ತ ಕೊಡಬೇಕು, ಮುಟ್ಟಾದ ಮೊದಲ ಕೆಲವು ದಿನಗಳೊಳಗೆ ಆದರೆ ಒಳ್ಳೆಯದು. ನಿಮ್ಮಂತೆ ಮುಟ್ಟು ತಡವಾಗುವವರಿಗೆ ಕಾಯದೆ ಮಾಡಿಸಿ ಎಂದೂ ಹೇಳಬಹುದು. ಗರ್ಭನಿರೋಧಕ ಮಾತ್ರೆ ಆರಂಭಿಸಿದ ಮೇಲೆ ಟೆಸ್ಟೋಸ್ಟಿರೋನ್ ನೋಡಿದರೆ ಅರ್ಥವಿಲ್ಲ, ಅದಕ್ಕೆ ಮೊದಲೇ ಆಗಬೇಕು. ತಲೆಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಪ್ರಮಾಣ ದೊಡ್ಡದಾಗಿದ್ದರೆ ಇನ್ನೂ ಮೊದಲು. ಥೈರಾಯ್ಡ್ ಮತ್ತು ಟೆಸ್ಟೋಸ್ಟಿರೋನ್ ಎರಡರ ಅಂಕಿಯನ್ನೂ ಅದು ತಪ್ಪಾಗಿ ತೋರಿಸಬಲ್ಲದು.